ಗಂಜಿ ಹಾಕದ ಕೈಗವಸು

ಮೂರನೇ ಹಾಸಿಗೆಯ ಮಗುವಿಗೆ ಮತ್ತೆ ಫಿಟ್ಸ್ ಬಂದಿತ್ತು.

ಮಕ್ಕಳ ತೀವ್ರ ನಿಗಾ ಘಟಕದ ಬಾಗಿಲು ತಳ್ಳಿಕೊಂಡು ನಾನು ಒಳಗೆ ಕಾಲಿಡುವ ಹೊತ್ತಿಗೆ ಅದು ನಿಂತುಹೋಗಿತ್ತು. ಮಗು ಸೋತು ಮಲಗಿತ್ತು. ಜೂನಿಯರ್ ಡಾಕ್ಟರ್ ಅದರ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ಮುಗಿಸಿ, ಖಾಲಿ ಸಿರಿಂಜನ್ನು ಹಿಡಿದುಕೊಂಡೇ ನಿಂತಿದ್ದ.

"ಸಕ್ಕರೆ ಎಷ್ಟಿತ್ತು?" ಘಟಕದ ಮುಖ್ಯಸ್ಥರು ಕೇಳಿದರು.

"ಇಪ್ಪತ್ತೆರಡು ಸಾರ್."

"ಬೆಳಿಗ್ಗೆ?"

"ಮುನ್ನೂರರ ಮೇಲೆ."

ರಕ್ತದ ಸಕ್ಕರೆ ಎಪ್ಪತ್ತರ ಕೆಳಗೆ ಇಳಿದರೆ ಚಿಂತೆ. ಇಪ್ಪತ್ತಕ್ಕೆ ಇಳಿದರೆ ಮಿದುಳು ಉಪವಾಸ ಬೀಳುತ್ತದೆ. ಇನ್ನೊಂದು ಸಲ ಹೀಗಾದರೆ ಈ ಮಗು ನಾಳೆ ತಾಯಿಯ ಗುರುತು ಹಿಡಿಯುತ್ತದೋ ಇಲ್ಲವೋ ಎಂದು ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಮೆಷಿನ್ ಅವರೇ, ಆ ಇನ್ಸುಲಿನ್ ಪಂಪ್ ಬಿಚ್ಚಿ ನೋಡಿ. ಈಗಲೇ."

ನಾನು ಈ ಆಸ್ಪತ್ರೆಯ ಯಂತ್ರಗಳ ಉಸ್ತುವಾರಿ. ನನ್ನ ಹೆಸರು ಎಲ್ಲರಿಗೂ ಮರೆತುಹೋಗಿದೆ. ಎಲ್ಲರ ಬಾಯಲ್ಲೂ ನಾನು 'ಮೆಷಿನ್'. ಬೇಜಾರಿಲ್ಲ. ಯಂತ್ರ ಸುಳ್ಳು ಹೇಳಿತೇ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಪಂಪನ್ನು ಅಳೆಯುವ ಕೊಳವೆಗೆ ಜೋಡಿಸಿ ಓಡಿಸಿದೆ. ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆರಳಿನ ರಕ್ತ ನೋಡುವ ಪುಟ್ಟ ಮೀಟರಿಗೂ ಪರೀಕ್ಷೆಯ ದ್ರಾವಣ ಹಾಕಿದೆ. ಅದೂ ಸರಿಯಿತ್ತು.

"ಎರಡೂ ಚೆನ್ನಾಗಿವೆ ಸಾರ್."

"ಹಾಗಾದ್ರೆ ಯಾರೋ ಹೊರಗಿನಿಂದ ಕೊಟ್ಟಿದ್ದಾರೆ," ಎಂದರು ಮುಖ್ಯಸ್ಥರು. ಧ್ವನಿ ತಗ್ಗಿತ್ತು. "ನಾನು ಬರೆದ ಡೋಸ್ ಮುನ್ನೂರನ್ನ ಇಪ್ಪತ್ತಕ್ಕೆ ಇಳಿಸುವಂಥದ್ದಲ್ಲ. ಒಂದು ಸಲ ಆದರೆ ಮಗುವಿನ ಮೈ ಹಾಗೆ ಅನ್ನಬಹುದು. ಎರಡು ಸಲ ಆದರೆ? ಅದೂ ಎರಡು ಸಲವೂ ಒಬ್ಬಳೇ ನರ್ಸಿನ ಪಾಳಿಯಲ್ಲಿ?"

ಆಗ ನನಗೆ ಅರ್ಥವಾಯಿತು, ಎಲ್ಲರೂ ಯಾಕೆ ಗೋಡೆಯ ಕಡೆ ನೋಡುತ್ತಿದ್ದಾರೆ ಎಂದು. ಗೋಡೆಯ ಪಕ್ಕದಲ್ಲಿ ಚಿಕ್ಕಮ್ಮ ನಿಂತಿದ್ದಳು.

ಚಿಕ್ಕಮ್ಮ ಎಂದರೆ ಘಟಕದ ನರ್ಸ್. "ಅಳಬೇಡ ಕಂದ, ಚಿಕ್ಕಮ್ಮ ಬಂದೆ" ಎನ್ನುತ್ತಲೇ ಹಾಸಿಗೆಯ ಹತ್ತಿರ ಹೋಗುವುದು ಅವಳ ರೂಢಿ. ಮಕ್ಕಳು ಅವಳ ಕೈಯಲ್ಲಿ ಅಳುವುದಿಲ್ಲ. ಈಗ ಅವಳೇ ಅಳು ತಡೆದುಕೊಂಡು ನಿಂತಿದ್ದಳು.

"ಸಂಜೆ ಪೊಲೀಸರಿಗೆ ಹೇಳಲೇಬೇಕು," ಎಂದರು ಮುಖ್ಯಸ್ಥರು. "ಅಷ್ಟರೊಳಗೆ ತಪ್ಪಮ್ಮನ್ನ ಕರೆಸಿ."

*

ತಪ್ಪಮ್ಮ ನಮ್ಮಲ್ಲಿ ಹಿರಿಯ ವೈದ್ಯೆ. ಆಸ್ಪತ್ರೆಯಲ್ಲಿ ಎಲ್ಲಿ ಎಡವಟ್ಟಾದರೂ ಹೇಗಾಯಿತು ಎಂದು ನೋಡುವ ಹೊಣೆ ಅವರದು. ಎದುರಿಗೆ ಎಲ್ಲರೂ 'ಮೇಡಂ' ಅನ್ನುತ್ತಾರೆ, ಬೆನ್ನ ಹಿಂದೆ 'ತಪ್ಪಮ್ಮ'. ಅದು ಅವರಿಗೂ ಗೊತ್ತು. ಗಿಡ್ಡ ಆಳು, ನಡಿಗೆ ಚುರುಕು, ಕನ್ನಡಕವನ್ನು ಮಾತ್ರ ದಿನಕ್ಕೆ ಹತ್ತು ಸಲ ಹುಡುಕುತ್ತಾರೆ.

ಬಂದವರೇ ಮಗುವಿನ ಹತ್ತಿರ ಹೋಗಿ ಅದರ ಮುಖ ನೋಡಿದರು. ಆಮೇಲೆ ಮುಖ್ಯಸ್ಥರ ಮಾತನ್ನೆಲ್ಲ ಕೇಳಿಸಿಕೊಂಡರು. ಕಥೆ ಇಷ್ಟು: ಮಗುವಿಗೆ ಹೋದ ತಿಂಗಳು ವರ್ಷ ತುಂಬಿತ್ತು. ನ್ಯುಮೋನಿಯಾದಿಂದ ಬಂದಿತ್ತು. ಉಸಿರಾಟದ ಯಂತ್ರಕ್ಕೆ ಹಾಕಿದ್ದರು. ಚೇತರಿಸಿಕೊಂಡಿತು, ಗಂಟಲ ಕೊಳವೆ ತೆಗೆದರು. ಆಮೇಲೆ ಮೂಗಿನ ಸಣ್ಣ ಕೊಳವೆಯಲ್ಲಿ ಹಾಲು. ಬಾಯಿಗೆ ಏನೂ ಕೊಡಬಾರದೆಂದು ತಲೆಯ ಹತ್ತಿರ ಫಲಕ. ಎಲ್ಲ ಸರಿ ಹೋಗುತ್ತಿರುವಾಗ ಒಂದು ದಿನ ಸಕ್ಕರೆ ಏರಿತು. ಕಾಯಿಲೆ ಜೋರಾದ ಮಕ್ಕಳಲ್ಲಿ ಹಾಗೆ ಏರುವುದುಂಟು. ಇನ್ಸುಲಿನ್ ಶುರು ಮಾಡಿದರು. ಗಂಟೆಗಂಟೆಗೆ ಬೆರಳು ಚುಚ್ಚಿ ನೋಡಿದರು, ಸಕ್ಕರೆ ಇಳಿಯಲಿಲ್ಲ. ಡೋಸ್ ಸ್ವಲ್ಪ ಏರಿಸಿದರು. ಆಮೇಲೆ ಫಿಟ್ಸ್. ಇವತ್ತು ಮತ್ತೆ ಅದೇ.

"ಯಾರ ಮೇಲೆ ಅನುಮಾನ?" ತಪ್ಪಮ್ಮ ಕೇಳಿದರು.

"ಇಬ್ಬರು. ಒಬ್ಬಳು ನರ್ಸ್. ಇನ್ನೊಬ್ಬರು ಮಗುವಿನ ಅಜ್ಜಿ. ಅವರಿಗೆ ಸಕ್ಕರೆ ಕಾಯಿಲೆ. ಬ್ಯಾಗಿನಲ್ಲೇ ಇನ್ಸುಲಿನ್ ಪೆನ್ ಇಟ್ಕೊಂಡು ಓಡಾಡ್ತಾರೆ. ಎರಡು ಸಲವೂ ಬಂದಿದ್ದರು."

"ಈಗ ಮಗುವನ್ನ ಯಾರು ನೋಡ್ಕೊಳ್ತಿದ್ದಾರೆ?"

"ಇನ್ನೊಬ್ಬ ನರ್ಸ್, ನಮ್ಮ ಮಿಲಿಟರಿ ಸಿಸ್ಟರ್. ಫಿಟ್ಸ್ ಆದ ಕೂಡಲೇ ಚಿಕ್ಕಮ್ಮನ್ನ ಐದನೇ ಹಾಸಿಗೆಗೆ ಹಾಕಿದೆ. ಮನೆಗೇ ಕಳಿಸ್ತಿದ್ದೆ, ಬದಲಿಗೆ ಜನ ಇಲ್ಲ. ಜೂನಿಯರ್ ಪಕ್ಕದಲ್ಲೇ ನಿಂತಿರ್ತಾನೆ." ಅವರು ಮೂರನೇ ಹಾಸಿಗೆಯ ಕಡೆ ಕೈ ತೋರಿಸಿದರು. "ಇನ್ನೊಂದು ವಿಷಯ. ಮಿಲಿಟರಿ ಬಂದ ಮೇಲೆ ಮಗುವಿನ ಸಕ್ಕರೆ ತೊಂಬತ್ತು, ನೂರು. ಅಲ್ಲಾಡಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

ತಪ್ಪಮ್ಮ ನನ್ನ ಕಡೆ ತಿರುಗಿದರು. "ಮೆಷಿನ್, ನನ್ನ ಜೊತೆ ಬನ್ನಿ. ನಿಮ್ಮ ಯಂತ್ರಗಳು ನಿರಪರಾಧಿಗಳು ಅಂತೀರಲ್ಲ, ಮನುಷ್ಯರನ್ನೂ ಒಂದಿಷ್ಟು ನೋಡೋಣ."

*

ಹೊರಗಿನ ಬೆಂಚಿನ ಮೇಲೆ ಮಗುವಿನ ತಾಯಿ, ಅಜ್ಜಿ ಕೂತಿದ್ದರು. ತಾಯಿ ಬಟ್ಟೆ ಹೊಲಿಯುವವಳು. ಅವಳ ಕುಪ್ಪಸದ ಅಂಚಿಗೆ ಸೂಜಿಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಅಜ್ಜಿ ಅವಳ ಅತ್ತೆ. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡಿದ್ದರು.

"ಅದರಲ್ಲಿ ಏನಿದೆ ಅಂತ ಕೇಳೋಕೆ ಬಂದ್ರಾ?" ಅಜ್ಜಿಯೇ ಶುರು ಮಾಡಿದರು. "ಬೆಳಗ್ಗೆಯಿಂದ ಮೂರು ಜನ ಕೇಳಿದ್ರು. ತೊಗೊಳ್ಳಿ, ನೋಡಿ. ಇದೇ ನನ್ನ ಔಷಧಿ ಪೆನ್ನು. ಇದು ಬಾಚಣಿಗೆ. ಇದು ಮೊಮ್ಮಗನ ಗಿಲಕಿ."

"ನೀವೇ ಚುಚ್ಕೊಳ್ತೀರಾ ಅಜ್ಜಿ?"

"ನಾನಾ? ಸೂಜಿ ಕಂಡ್ರೆ ನನಗೆ ಕಣ್ಣು ಕತ್ತಲೆ ಬರುತ್ತೆ. ಇವಳೇ ಚುಚ್ಚಬೇಕು." ಸೊಸೆಯ ಕಡೆ ತಲೆಯಾಡಿಸಿದರು. "ನನ್ನ ಮೇಲೆ ಎಷ್ಟೇ ಕೋಪ ಇದ್ದರೂ ಚುಚ್ಚೋದು ಮಾತ್ರ ಹಗುರವಾಗಿ. ಅದೊಂದು ಗುಣ ಇದೆ."

"ಅದೊಂದಾದರೂ ಇದೆಯಲ್ಲ," ಎಂದಳು ಸೊಸೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಬೆಂಚಿನ ಮೇಲೆ ಅವರ ಕೈಗಳು ಒಂದರ ಮೇಲೊಂದು ಇದ್ದವು.

"ಒಳಗೆ ಹೋದಾಗ ಮಗುವಿನ ಬಾಯಿಗೆ ಏನಾದ್ರೂ ಹಾಕಿದ್ರಾ? ಒಂದು ಚಮಚ ಏನಾದ್ರೂ?"

"ಹಾಕೋಕೆ ಬಿಡ್ತಾರಾ? ಆ ಮಿಲಿಟರಿ ಸಿಸ್ಟರ್ ಮುಖ ನೋಡಿದ್ರೆ ನನಗೇ ಹಸಿವು ಹೋಗುತ್ತೆ."

ತಾಯಿಗೆ ನಗು ಬರಲಿಲ್ಲ. "ಡಾಕ್ಟ್ರೇ, ನನಗೆ ಯಾರ ಮೇಲೂ ದೂರು ಇಲ್ಲ. ಚಿಕ್ಕಮ್ಮ ಸಿಸ್ಟರ್ ಬಗ್ಗೆ ಏನೇನೋ ಮಾತಾಡ್ತಿದಾರೆ. ಅವರು ಚುಚ್ಚುವಾಗ ಇವನು ಅಳೋದೇ ಇಲ್ಲ. ಅಂಥವರು ವಿಷ ಹಾಕ್ತಾರಾ? ಒಂದೇ ಒಂದು ಹೇಳಬೇಕು. ನಗಬೇಡಿ."

"ಹೇಳಮ್ಮ."

"ಮೂಗಿನ ಕೊಳವೆ ಎಳೆದುಕೊಳ್ಳಬಾರದು ಅಂತ ಕೈಗವಸು ಹೊಲಿದುಕೊಟ್ಟಿದ್ದೆ. ಮೆತ್ತನೆ ಹತ್ತಿ ಬಟ್ಟೆ. ನಿಮ್ಮ ದೋಬಿ ಅದಕ್ಕೆ ಗಂಜಿ ಹಾಕಿ ಕಳಿಸ್ತಾನೆ. ರಟ್ಟಿನ ಹಾಗಾಗಿರುತ್ತೆ. ಬೆರಳು ಕೆಂಪಾಗಿವೆ. ಬೇಡ ಅಂತ ಹೇಳಿ ಅವನಿಗೆ."

"ಎರಡು ಕೈಗವಸಿಗೂ ಗಂಜಿಯಾ?"

"ಬದಲಾಯಿಸೋಕೆ ಅಂತ ಎರಡು ಕೊಟ್ಟಿದೀನಿ, ಹಾಕೋದು ಒಂದೇ ಕೈಗೆ. ಬಲಗೈಗೆ ಡ್ರಿಪ್ಪಿನ ಪಟ್ಟಿ ಕಟ್ಟಿದಾರೆ. ಎಡಗೈಗೆ ಮಾತ್ರ."

"ಎಡಗೈಯನ್ನ ಬಾಯಿಗೆ ಹಾಕ್ಕೊಳ್ತಾನಾ?"

"ಹುಟ್ಟಿದಾಗಿನಿಂದ. ಹೆಬ್ಬೆರಳಲ್ಲ, ನಡುವಿನ ಎರಡು ಬೆರಳು. ಇವರಪ್ಪನೂ ಹಾಗೇ ಅಂತೆ, ಶಾಲೆಗೆ ಹೋಗುವವರೆಗೂ," ಎಂದು ಅತ್ತೆಯ ಕಡೆ ನೋಡಿದಳು.

"ಶಾಲೆಗೆ ಹೋದ ಮೇಲೂ," ಎಂದರು ಅಜ್ಜಿ.

ನಾವು ಒಳಗೆ ಬರುವಾಗ ತಪ್ಪಮ್ಮ ಕನ್ನಡಕ ಹುಡುಕುತ್ತಿದ್ದರು. ತಲೆಯ ಮೇಲಿದೆ ಎಂದೆ. ಹಾಕಿಕೊಂಡು ಅವರು ಕೇಳಿದ್ದು ಒಂದೇ: "ಮೆಷಿನ್, ನಮ್ಮ ದೋಬಿ ಗಂಜಿ ಹಾಕ್ತಾನಾ?"

"ಇಲ್ಲ ಮೇಡಂ. ಇಲ್ಲಿಯ ಬಟ್ಟೆಗೆಲ್ಲ ಬಿಸಿನೀರು, ಸೋಪು, ಹಬೆ. ಅಷ್ಟೇ. ಆ ಯಂತ್ರಗಳೂ ನನ್ನವೇ."

*

ಮಿಲಿಟರಿ ಸಿಸ್ಟರ್ ಮೂರನೇ ಹಾಸಿಗೆಯ ಪಕ್ಕ ನೆಟ್ಟಗೆ ನಿಂತಿದ್ದಳು. ಸೈನ್ಯಕ್ಕೂ ಅವಳಿಗೂ ಸಂಬಂಧವಿಲ್ಲ. ನಡೆಯುವುದು, ಮಾತಾಡುವುದು, ಹಾಸಿಗೆಯ ಮೂಲೆ ಮಡಿಸುವುದು ಎಲ್ಲ ಹಾಗೆ.

"ಮಗುವಿನ ಬೆರಳು ಹೇಗೆ ಚುಚ್ತೀರಿ?" ತಪ್ಪಮ್ಮ ಕೇಳಿದರು.

"ಹೇಗೆ ಅಂದ್ರೆ? ಕೈಗವಸು ಬಿಚ್ತೀನಿ, ಮಣಿಕಟ್ಟು ಹಿಡೀತೀನಿ, ಸ್ಪಿರಿಟ್ ಹಚ್ತೀನಿ, ಒಣಗಿದ ಮೇಲೆ ಚುಚ್ತೀನಿ. ಕಿರಿಚುತ್ತೆ. ಕಿರಿಚಿದ್ರೆ ಶ್ವಾಸಕೋಶಕ್ಕೂ ಒಳ್ಳೇದೇ."

"ಯಾವ ಬೆರಳು?"

"ನಡುವಿನದು, ಇಲ್ಲ ಉಂಗುರದ್ದು. ಎಲ್ಲರೂ ಅದನ್ನೇ ಚುಚ್ಚೋದು. ಹಾಗೆ ಕಲಿಸಿದಾರೆ."

"ಚಿಕ್ಕಮ್ಮನ ಬಗ್ಗೆ ಏನಂತೀರಿ?"

ಮಿಲಿಟರಿ ಹೊದಿಕೆಯ ಮೂಲೆ ಸರಿಮಾಡಿದಳು. "ನನಗೂ ಅವಳಿಗೂ ಆಗಿಬರಲ್ಲ ಅಂತ ಇಡೀ ಆಸ್ಪತ್ರೆಗೆ ಗೊತ್ತು. ಅವಳದು ಅತಿ ಮುದ್ದು. ಒಂದು ಮಗುವಿಗೆ ನಾನು ತೊಗೊಳ್ಳೋ ಹೊತ್ತಿನ ಎರಡು ಪಟ್ಟು ತೊಗೊಳ್ತಾಳೆ. ಅವಳು ಪಾಳಿ ಮುಗಿಸಿ ಹೋದ ಮೇಲೆ ನಾನು ಮುಟ್ಟಿದ್ರೆ ಮಕ್ಕಳು ಇನ್ನೂ ಜೋರಾಗಿ ಅಳ್ತವೆ. ಆದರೆ ಮೇಡಂ, ಕೇಡು ಮಾಡೋ ಕೈಯಲ್ಲ ಅದು. ಪೊಲೀಸರು ಬಂದ್ರೆ ಇದನ್ನೇ ಹೇಳ್ತೀನಿ."

ತಪ್ಪಮ್ಮ ಹಾಸಿಗೆಯ ಪಕ್ಕದ ಡಬ್ಬಿಯಿಂದ ಬೆಳಿಗ್ಗೆ ಬಿಚ್ಚಿಹಾಕಿದ ಕೈಗವಸನ್ನು ಎತ್ತಿಕೊಂಡರು. ಮಡಿಸಿದರು. ಮಡಿಕೆ ಹಾಗೇ ನಿಂತಿತು. ಬೆರಳುಗಳ ಕಡೆ ಬಟ್ಟೆ ಬಿರುಸಾಗಿತ್ತು. ಮಣಿಕಟ್ಟಿನ ಕಡೆ ಮೆತ್ತಗೇ ಇತ್ತು.

"ಗಂಜಿ ಹಾಕೋನು ಅರ್ಧಕ್ಕೆ ಮಾತ್ರ ಹಾಕ್ತಾನಾ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನನಗೆ ಅದು ದೋಬಿಯ ಮೇಲಿನ ದೂರಿನಂತೆಯೇ ಕೇಳಿಸಿತು. ಒಂದು ಮಗುವಿನ ಪ್ರಾಣ, ಒಬ್ಬಳ ಮಾನ ತೂಗುತ್ತಿರುವಾಗ ಈಯಮ್ಮ ಬಟ್ಟೆ ನೋಡುತ್ತಿದ್ದಾರಲ್ಲ ಎನ್ನಿಸಿತು.

*

ಐದನೇ ಹಾಸಿಗೆಯಲ್ಲಿ ಎರಡು ವರ್ಷದ ಹುಡುಗಿ. ಚಿಕ್ಕಮ್ಮ ಅವಳ ಪಕ್ಕ, ಜೂನಿಯರ್ ಡಾಕ್ಟರ್ ಚಿಕ್ಕಮ್ಮನ ಪಕ್ಕ. ಪೇದೆಯ ಕೆಲಸ ಅವನಿಗೆ ಹಿಡಿಸಿರಲಿಲ್ಲ.

ತಪ್ಪಮ್ಮ ಅವನನ್ನೇ ಮೊದಲು ಕೇಳಿದರು. "ಮೂರನೇ ಹಾಸಿಗೆಯ ಮಗುವಿಗೆ ಸಕ್ಕರೆ ಏರಿದೆ ಅಂತ ಮೊದಲ ಸಲ ಗೊತ್ತಾದಾಗ, ರಕ್ತನಾಳದಿಂದ ತೆಗೆದು ನೋಡಿದ್ರಾ?"

"ನೋಡಿದ್ವಿ ಮೇಡಂ. ಲ್ಯಾಬಿಗೆ ಕಳಿಸಿದ್ದೆ. ಅಲ್ಲಿಂದ ತೊಂಬತ್ತು ಚಿಲ್ಲರೆ ಅಂತ ಬಂತು. ಆದರೆ ಆ ರಕ್ತ ಒಂದು ಗಂಟೆ ಮೇಜಿನ ಮೇಲೇ ಕೂತಿತ್ತು. ರಕ್ತಕಣಗಳು ಸಕ್ಕರೆ ತಿಂದುಬಿಟ್ಟಿರ್ತವೆ, ಅದನ್ನ ಲೆಕ್ಕಕ್ಕೆ ಇಟ್ಕೋಬೇಡ ಅಂದ್ರು ಸಾರ್. ಆಮೇಲೆ ಮತ್ತೆ ಮತ್ತೆ ತೆಗೆಯೋಕೆ ಮನಸ್ಸಾಗಲಿಲ್ಲ. ರಕ್ತನಾಳ ದಾರದಷ್ಟು ಸಣ್ಣ."

"ಫಿಟ್ಸ್ ಬಂದಾಗ?"

"ಆಗ ಹೊಸ ಸೂಜಿ ಹಾಕ್ತಿದ್ದೆ. ಅದರಲ್ಲಿ ಬಂದ ರಕ್ತವನ್ನೇ ಮೀಟರಿಗೆ ಹಾಕಿದೆ. ಎರಡು ಸಲವೂ."

ತಪ್ಪಮ್ಮ ಚಿಕ್ಕಮ್ಮನ ಕಡೆ ತಿರುಗಿದರು. "ಕೇಳಲೇಬೇಕಾದ್ದನ್ನ ಕೇಳ್ತೀನಮ್ಮ. ಆ ಮಗುವಿಗೆ ಬರೆದದ್ದು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ದೀಯಾ?"

"ಇಲ್ಲ ಮೇಡಂ."

"ಬಾಯಿಗೆ?"

"ಒಂದು ಗುಟುಕು ನೀರೂ ಇಲ್ಲ. ಫಲಕ ಹಾಕಿದೆಯಲ್ಲ." ಅವಳ ಧ್ವನಿ ಒಡೆಯಿತು. "ನನ್ನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ, ಸಂಜೆ ಪೊಲೀಸರು ಬರ್ತಾರೆ, ಅಮ್ಮನಿಗೆ ಗೊತ್ತಾಗದ ಹಾಗೆ ನೋಡ್ಕೋ ಅಂತ. ಮೇಡಂ, ನಾನು ಇನ್ನೇನು ಹೇಳಲಿ?"

"ಈಗೇನೂ ಹೇಳಬೇಡ. ನಿನ್ನ ಕೆಲಸ ಮಾಡು. ಈ ಹುಡುಗಿಯ ಸಕ್ಕರೆ ನೋಡುವ ಹೊತ್ತಾಯ್ತಲ್ಲ?"

ಚಿಕ್ಕಮ್ಮ ಕಣ್ಣೊರೆಸಿಕೊಂಡು ಕೈ ತೊಳೆದಳು. ಹುಡುಗಿಯ ಹತ್ತಿರ ಹೋಗಿ ಬಗ್ಗಿದಳು. ಒಂದು ಕ್ಷಣದಲ್ಲಿ ಅವಳ ಮುಖವೇ ಬೇರೆಯಾಯಿತು. "ಏನು ಪುಟ್ಟಿ, ಚಿಕ್ಕಮ್ಮನ ಮೇಲೆ ಕೋಪಾನಾ? ಬೆರಳು ಕೊಡಲ್ವಾ? ಬೇಡ ಬಿಡು, ಮೊದಲು ನಾಲಿಗೆ ತೋರಿಸು." ಪುಟ್ಟ ಸಿರಿಂಜಿನಿಂದ ನಾಲಿಗೆಯ ತುದಿಗೆ ಎರಡು ಹನಿ ಬಿಟ್ಟಳು. ಹುಡುಗಿ ಚಪ್ಪರಿಸಿದಳು. ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಕಣ್ಣರಳಿಸಿದಳು. ಚಿಕ್ಕಮ್ಮ ಅವಸರ ಮಾಡಲಿಲ್ಲ. ಏನೋ ಕಾಗೆಯ ಕಥೆ ಹೇಳಿದಳು. ಕಾಗೆ ಹಾರಿಹೋಗುವ ಹೊತ್ತಿಗೆ ಬೆರಳು ಅವಳ ಕೈಯಲ್ಲಿತ್ತು. ಸ್ಪಿರಿಟ್ ಹತ್ತಿ, ಸಣ್ಣದೊಂದು ಚುಚ್ಚು, ಒಂದು ಕೆಂಪು ಹನಿ. ಹುಡುಗಿ ಅಳಲಿಲ್ಲ.

ಇಷ್ಟು ಅಂದವಾಗಿ ಮಾಡಿದ ಕೆಲಸವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಮೀಟರ್ ಕೂಗಿತು. ಚಿಕ್ಕಮ್ಮನ ಮುಖದ ಬಣ್ಣ ಇಳಿಯಿತು.

"ಇನ್ನೂರ ಎಂಬತ್ತು," ಎಂದ ಜೂನಿಯರ್. "ಬೆಳಿಗ್ಗೆ ಸರಿ ಇತ್ತಲ್ಲ..." ಅವನು ತಪ್ಪಮ್ಮನ ಕಡೆ ತಿರುಗಿದ. "ಮೇಡಂ, ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದೆ. ಅವರು ಏನೂ ಕೊಟ್ಟಿಲ್ಲ. ಆಣೆ ಮಾಡಿ ಹೇಳ್ತೀನಿ, ಏನೂ ಕೊಟ್ಟಿಲ್ಲ."

"ನೀವು ನೋಡಿದ್ದು ನಿಜ," ಎಂದರು ತಪ್ಪಮ್ಮ. ಅವರ ಕಣ್ಣಲ್ಲಿ ಏನೋ ಹೊತ್ತಿಕೊಂಡಿತ್ತು.

*

ಸುದ್ದಿ ಕೇಳಿ ಮುಖ್ಯಸ್ಥರು ಓಡಿ ಬಂದರು. "ಇಲ್ಲೂ ಶುರುವಾಯ್ತಾ? ಸರಿ. ಪಂಪ್ ತಯಾರು ಮಾಡಿ. ಈ ಸಲ ನಾನೇ ಹಾಸಿಗೆಯ ಪಕ್ಕ ಕೂರ್ತೀನಿ. ಯಾರು ಕೈ ಹಾಕ್ತಾರೆ ನೋಡೇಬಿಡೋಣ."

"ಪಂಪ್ ಮುಟ್ಟಬೇಡಿ," ಎಂದರು ತಪ್ಪಮ್ಮ.

"ಮೇಡಂ, ಇನ್ನೂರ ಎಂಬತ್ತು ಇದೆ."

"ಎಲ್ಲಿದೆ?"

ಮುಖ್ಯಸ್ಥರು ಅವರನ್ನು ವಿಚಿತ್ರವಾಗಿ ನೋಡಿದರು.

"ಒಂದು ಮಾತು ಹೇಳಿ," ತಪ್ಪಮ್ಮ ಮುಂದುವರಿಸಿದರು. "ಕದ್ದು ಇನ್ಸುಲಿನ್ ಕೊಡೋಳು ಹಾಸಿಗೆಯ ಹತ್ತಿರ ಬಂದ್ರೆ ಸಕ್ಕರೆ ಏನಾಗಬೇಕು?"

"ಇಳೀಬೇಕು."

"ಚಿಕ್ಕಮ್ಮ ಹತ್ತಿರ ಬಂದಾಗಲೆಲ್ಲ ಏನಾಗಿದೆ? ಮೊದಲು ಏರಿದೆ. ಮೂರನೇ ಹಾಸಿಗೆಯಲ್ಲಿ ಏರಿತು. ಈಗ ಐದರಲ್ಲಿ ಏರಿದೆ. ಇಳಿದದ್ದು ನಾವು ಇನ್ಸುಲಿನ್ ಕೊಟ್ಟ ಮೇಲೆ. ಇಳಿಸಿದವರು ಯಾರು ಅಂತ ಬೆಳಗ್ಗೆಯಿಂದ ಎಲ್ಲರೂ ಹುಡುಕ್ತಿದೀರಿ. ಏರಿಸಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ."

"ಏರಿಸೋದಾ? ಕಾಯಿಲೆ ಏರಿಸಿತು."

"ಕಾಯಿಲೆ ಪಾಳಿ ನೋಡ್ಕೊಂಡು ಬರುತ್ತಾ?" ತಪ್ಪಮ್ಮ ಕೈ ಚಾಚಿದರು. "ನಿಮ್ಮ ಬೆರಳು ಕೊಡಿ. ಚಿಕ್ಕಮ್ಮ, ಆ ಸಿರಿಂಜ್ ಇಲ್ಲಿ ಕೊಡು."

ಮುಖ್ಯಸ್ಥರು ಬೇಸರದಿಂದಲೇ ಎಡಗೈ ಕೊಟ್ಟರು. ತಪ್ಪಮ್ಮ ಅವರ ಉಂಗುರಬೆರಳಿನ ಮೇಲೆ ಎರಡು ಹನಿ ಬಿಟ್ಟು ಸವರಿದರು. ಒಣಗುವವರೆಗೆ ಕಾದರು. ಸ್ಪಿರಿಟ್ ಹತ್ತಿಯಿಂದ, ಎಲ್ಲರೂ ಮಾಡುವ ಹಾಗೆ, ಒಂದು ಸಲ ಒರೆಸಿದರು. ಚುಚ್ಚಿದರು. ಮೀಟರಿಗೆ ಹನಿ ತಾಗಿಸಿ ನನ್ನ ಕೈಗೆ ಕೊಟ್ಟರು.

"ಓದಿ ಮೆಷಿನ್."

"ಮುನ್ನೂರ ನಲವತ್ತು," ಎಂದೆ.

"ಏನು ಮಾಡೋಣ ಡಾಕ್ಟ್ರೇ?" ತಪ್ಪಮ್ಮ ಕೇಳಿದರು. "ನಿಮಗೂ ಪಂಪ್ ಹಚ್ಚೋಣವಾ?"

ಮುಖ್ಯಸ್ಥರು ತಮ್ಮ ಬೆರಳನ್ನೇ ನೋಡುತ್ತಿದ್ದರು. ತಾವಾಗಿಯೇ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ತೊಳೆದುಕೊಂಡರು. ಒರೆಸಿಕೊಂಡು ಬಂದು ಅದೇ ಬೆರಳನ್ನು ಮತ್ತೆ ಚಾಚಿದರು. ಈ ಸಲ ನೂರ ನಾಲ್ಕು.

"ಆ ಸಿರಿಂಜಿನಲ್ಲಿ ಏನಿದೆ?" ಅವರು ಕೇಳಿದರು.

"ಗ್ಲೂಕೋಸ್ ನೀರು ಸಾರ್," ಎಂದಳು ಚಿಕ್ಕಮ್ಮ. "ಚುಚ್ಚುವ ಮುಂಚೆ ನಾಲಿಗೆಗೆ ಎರಡು ಹನಿ ಹಾಕಿದ್ರೆ ಮಕ್ಕಳಿಗೆ ನೋವು ಕಡಿಮೆ. ನಮಗೆ ತರಬೇತಿಯಲ್ಲಿ ಕಲಿಸಿದ್ದು. ಎಲ್ಲರೂ..." ಅವಳು ಅಲ್ಲಿಗೇ ನಿಂತಳು. ಬಾಯಿಗೆ ಏನೂ ಕೊಟ್ಟಿಲ್ಲ ಎಂದು ತಾನು ಹೇಳಿದ್ದು ಅವಳಿಗೆ ಆಗ ನೆನಪಾಗಿರಬೇಕು.

"ಅವಳು ಸುಳ್ಳು ಹೇಳಲಿಲ್ಲ," ಎಂದರು ತಪ್ಪಮ್ಮ. "ಎರಡು ಹನಿ ಆಹಾರವಲ್ಲ, ಔಷಧಿಯೂ ಅಲ್ಲ. ಮುದ್ದು ಅಷ್ಟೇ. ಮುದ್ದನ್ನ ಯಾರು ಲೆಕ್ಕಕ್ಕೆ ಇಡ್ತಾರೆ? ಇವರು ಕಣ್ಣು ಮಿಟುಕಿಸದೆ ನೋಡ್ತಾ ನಿಂತಿದ್ರು, ಇವರ ಕಣ್ಣಿಗೂ ಅದು ಬೀಳಲಿಲ್ಲ."

ಜೂನಿಯರ್ ತಲೆ ತಗ್ಗಿಸಿದ.

"ಮೂರನೇ ಹಾಸಿಗೆಯಲ್ಲಿ ನಡೆದದ್ದು ಇದು. ಮಗುವಿನ ಗಂಟಲಲ್ಲಿ ಕೊಳವೆ ಇರುವವರೆಗೆ ಬೆರಳು ಬಾಯಿಗೆ ಹೋಗೋ ಹಾಗಿರಲಿಲ್ಲ, ಹನಿಯೂ ಬೇಕಿರಲಿಲ್ಲ. ಸಕ್ಕರೆ ಸರಿ ಇತ್ತು. ಕೊಳವೆ ತೆಗೆದ್ರಿ. ಮಗುವಿಗೆ ಎಚ್ಚರ ಬಂತು. ಕೈಗೆ ಅಮ್ಮ ಹೊಲಿದ ಗವಸು. ಚುಚ್ಚೋಕೆ ಅಂತ ಚಿಕ್ಕಮ್ಮ ಗವಸು ಬಿಚ್ತಾಳೆ, ನಾಲಿಗೆಗೆ ಸಿಹಿ ಹಾಕ್ತಾಳೆ, ಅದು ಹಿಡಿಯಲಿ ಅಂತ ಎರಡು ನಿಮಿಷ ಕಾಯ್ತಾಳೆ. ಇಡೀ ದಿನ ಕಟ್ಟಿಹಾಕಿದ ಕೈ. ಬಿಟ್ಟ ಕೂಡಲೇ ಎಲ್ಲಿಗೆ ಹೋಗುತ್ತೆ? ಬಾಯಿಗೆ. ಯಾವ ಬೆರಳು? ಅವನು ಹುಟ್ಟಿದಾಗಿನಿಂದ ಚೀಪೋ ಎರಡು ಬೆರಳು. ನಾವು ಚುಚ್ಚೋಕೆ ಆರಿಸಿಕೊಂಡಿರೋದೂ ಅವೇ. ಇನ್ನೊಂದು ಕೈಗೆ ಪಟ್ಟಿ, ಬೇರೆ ದಾರಿಯಿಲ್ಲ. ಸ್ಪಿರಿಟ್ ಕ್ರಿಮಿ ಕೊಲ್ಲುತ್ತೆ, ಸಕ್ಕರೆಯನ್ನ ತೊಳೆಯಲ್ಲ. ಮಿಲಿಟರಿ ಬಂದವಳೇ ಮಗುವಿನ ಮೈಕೈ ತೊಳೆದು ಬೇರೆ ಗವಸು ಹಾಕಿದ್ಲು, ಹನಿ ಹಾಕಲಿಲ್ಲ, ಅದಕ್ಕೇ ಅವಳಿಗೆ ತೊಂಬತ್ತು, ನೂರು ಬಂತು."

"ಹಾಗಾದರೆ ನನ್ನ ಮೀಟರ್..." ಎಂದೆ ನಾನು.

"ನಿಮ್ಮ ಮೀಟರ್ ನಿಜವನ್ನೇ ಹೇಳಿತು ಮೆಷಿನ್. ಅದರ ಬಾಯಿಗೆ ಬಿದ್ದ ಹನಿಯಲ್ಲಿ ಅಷ್ಟು ಸಕ್ಕರೆ ಇತ್ತು. ಮಗುವಿನ ಮೈಯಲ್ಲಿ ಇರಲಿಲ್ಲ. ತೊಂಬತ್ತು ಇದ್ದ ಮಗುವಿಗೆ ಇನ್ಸುಲಿನ್ ಹಾಕಿದ್ವಿ. ಗಂಟೆಗಂಟೆಗೆ ಅದೇ ಸಿಹಿ ಬೆರಳು ನೋಡಿ, ಇಳಿದಿಲ್ಲ ಅಂತ ಏರಿಸಿದ್ವಿ. ಆ ಡೋಸ್ ಮುನ್ನೂರನ್ನ ಇಪ್ಪತ್ತಕ್ಕೆ ಇಳಿಸಲ್ಲ ಅಂದ್ರಿ. ಸರಿಯಾಗೇ ಹೇಳಿದ್ರಿ. ತೊಂಬತ್ತನ್ನ ಇಳಿಸುತ್ತೆ."

ಅವರು ಜೇಬಿನಿಂದ ಕೈಗವಸು ತೆಗೆದು ಮೇಜಿನ ಮೇಲಿಟ್ಟರು. ಅದು ಅಂಗೈಯಂತೆ ಅರ್ಧ ಮಡಿಸಿಕೊಂಡು ಕೂತಿತು.

"ಚುಚ್ಚಿದ ಮೇಲೆ ಒದ್ದೆ ಬೆರಳುಗಳು ಇದರೊಳಗೆ ಹೋಗ್ತಿದ್ವು. ಅಲ್ಲೇ ಒಣಗ್ತಿದ್ವು. ಅಂಟು ಬೆರಳಿನ ಕಡೆ ಮಾತ್ರ. ತಾಯಿ ಇದನ್ನ ಗಂಜಿ ಅಂದುಕೊಂಡಳು."

ಮುಖ್ಯಸ್ಥರು ಹಾಸಿಗೆಯ ಕಂಬಿ ಹಿಡಿದುಕೊಂಡರು. "ಲ್ಯಾಬಿನಿಂದ ತೊಂಬತ್ತು ಅಂತ ಬಂದಿತ್ತು," ಎಂದರು ನಿಧಾನವಾಗಿ. "ರಕ್ತ ಹಳೆಯದು ಅಂದುಬಿಟ್ಟೆ."

"ಅದು ಗಂಟೆಗೆ ಎಷ್ಟು ಸಕ್ಕರೆ ತಿನ್ನುತ್ತೆ?"

"ನೂರರಲ್ಲಿ ಆರೇಳು ಪಾಲು." ಅವರು ಕಣ್ಣು ಮುಚ್ಚಿದರು. "ಮುನ್ನೂರು ಇನ್ನೂರ ಎಂಬತ್ತು ಆಗಬಹುದಿತ್ತು. ತೊಂಬತ್ತು ಆಗೋಕೆ ಸಾಧ್ಯವೇ ಇಲ್ಲ. ನನಗೆ ಇದು ಗೊತ್ತಿತ್ತು ಮೇಡಂ. ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೀನಿ."

"ಗೊತ್ತಿತ್ತು. ಲೆಕ್ಕ ಹಾಕಲಿಲ್ಲ. ಸಕ್ಕರೆ ಏರಿದೆ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿತ್ತು. ಆಮೇಲೆ ಬಂದ ಸಾಕ್ಷಿಯೇ ನಿಮಗೆ ತಪ್ಪಾಗಿ ಕಂಡಿತು."

"ಅಪರಾಧಿಯ ಹೆಸರು ಬರೀಬೇಕಲ್ಲ ನೀವು," ಎಂದರು ಮುಖ್ಯಸ್ಥರು. "ನನ್ನದು ಬರೀರಿ."

"ಒಬ್ಬರ ಹೆಸರು ಬರೆದ್ರೆ ಉಳಿದವರೆಲ್ಲ ನಿರಾಳವಾಗಿ ಮನೆಗೆ ಹೋಗ್ತಾರೆ. 'ಸಕ್ಕರೆ ಏರಿದೆ' ಅನ್ನೋ ಆ ಮೊದಲ ಮಾತು, ಅದೇ ಅಪರಾಧಿ. ಅದನ್ನ ಆಡಿದ್ದು ಮೀಟರ್, ನಂಬಿದ್ದು ನೀವು, ಅದರ ಪ್ರಕಾರ ನಡೆದದ್ದು ಎಲ್ಲರೂ. ಹಾಗೇ ಬರೀತೀನಿ, ನಿಮ್ಮ ಹೆಸರೂ ಸೇರಿಸಿ."

ಅಷ್ಟರಲ್ಲಿ ಜೂನಿಯರ್ ಐದನೇ ಹಾಸಿಗೆಯ ಹುಡುಗಿಯ ಕೈಯನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ಮತ್ತೆ ಚುಚ್ಚಿ ನೋಡಿದ್ದ. ಅವಳು ಜೋರಾಗಿ ಅತ್ತಳು. ಸಕ್ಕರೆ ತೊಂಬತ್ತೈದು.

ಮುಖ್ಯಸ್ಥರು ಹೊರಗಿನ ಬೆಂಚಿನ ಕಡೆ ಹೊರಟರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಒಬ್ಬರೇ ಹೋದರು. ಗಾಜಿನಾಚೆ ತಾಯಿ ಎದ್ದು ನಿಂತದ್ದು ಕಂಡಿತು. ಅವರು ಏನು ಹೇಳಿದರೋ ಕೇಳಿಸಲಿಲ್ಲ. ತಾಯಿಯ ಮುಖ ಕಲ್ಲಾಯಿತು. ಅಜ್ಜಿ ಬ್ಯಾಗು ಕೆಳಗಿಟ್ಟು ಸೊಸೆಯ ಹೆಗಲು ಹಿಡಿದುಕೊಂಡರು. ಇಷ್ಟು ಹೊತ್ತಿನಲ್ಲಿ ಅವರು ಬ್ಯಾಗು ಬಿಟ್ಟದ್ದು ಅದೇ ಮೊದಲು.

*

ಚಿಕ್ಕಮ್ಮ ಇದ್ದಲ್ಲೇ ಇದ್ದಳು. ಪೊಲೀಸರು ಬರುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಅದರಿಂದ ಅವಳ ಮುಖಕ್ಕೆ ಗೆಲುವು ಬಂದಿರಲಿಲ್ಲ.

"ಅಂದ್ರೆ, ನನ್ನ ಕೈಯಿಂದಲೇ ಆಗಿದ್ದು," ಎಂದಳು.

ತಪ್ಪಮ್ಮ ಇಲ್ಲ ಎನ್ನುತ್ತಾರೆ ಎಂದುಕೊಂಡೆ.

"ನಿನ್ನ ಕೈಯೂ ಇತ್ತು," ಎಂದರು ಅವರು. "ಸುಳ್ಳು ಸಮಾಧಾನ ಹೇಳಲ್ಲ. ಆದರೆ ಆ ಹನಿ ತಪ್ಪಲ್ಲ. ಕೈ ತೊಳೆಯದೆ ಇದ್ದದ್ದು ತಪ್ಪು. ಅದನ್ನ ನಿನಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ."

ಚಿಕ್ಕಮ್ಮ ಜೇಬಿನಲ್ಲಿದ್ದ ಪುಟ್ಟ ಸಿರಿಂಜುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸುರಿದಳು. "ಇನ್ನು ನಾನು ಇದನ್ನ ಮುಟ್ಟಲ್ಲ ಮೇಡಂ."

ಮೂರನೇ ಹಾಸಿಗೆಯ ಮಗುವಿಗೆ ಎಚ್ಚರವಾಗಿತ್ತು. ಎರಡು ಫಿಟ್ಸ್ ಏನನ್ನು ಕೊಂಡೊಯ್ದವು, ಏನನ್ನು ಬಿಟ್ಟುಹೋದವು ಎಂದು ಹೇಳಲು ಇನ್ನೂ ದಿನಗಳು ಬೇಕು ಎಂದು ಜೂನಿಯರ್ ನನಗೆ ಹೇಳಿದ್ದ. ಅದು ಮಾತ್ರ ತನ್ನ ಎಡಗೈಯನ್ನು ಎತ್ತಿ, ಗವಸನ್ನು ಒಸಡಿನಿಂದ ಕಚ್ಚಿ ಎಳೆಯುತ್ತಿತ್ತು. ಸಕ್ಕರೆ ನೋಡುವ ಹೊತ್ತಾಗಿತ್ತು.

ಮಿಲಿಟರಿ ಸಿಸ್ಟರ್ ಬಂದಳು. ಕವಾಯತು ಮಾಡುವವಳಂತೆ ಬಂದವಳು ಮೇಜಿನ ಹತ್ತಿರ ನಿಂತಳು. ಸುರಿದಿದ್ದ ಸಿರಿಂಜುಗಳನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು. ಒಂದನ್ನು ಎತ್ತಿಕೊಂಡಳು.

"ಎಷ್ಟು ಹಾಕಬೇಕು?" ಎಂದು ಗದರುವ ಧ್ವನಿಯಲ್ಲೇ ಕೇಳಿದಳು.

ಚಿಕ್ಕಮ್ಮ ತಲೆಯೆತ್ತಿದಳು. "ಎರಡು ಹನಿ ಅಕ್ಕ. ನಾಲಿಗೆಯ ತುದಿಗೆ."

ಮಿಲಿಟರಿ ಗವಸು ಬಿಚ್ಚಿ ಹನಿ ಹಾಕಿದಳು. ಒಂದು ಹನಿ ಮಗುವಿನ ತುಟಿಯ ಮೇಲೆ ಬಿತ್ತು, ಅಭ್ಯಾಸವಿಲ್ಲದ ಕೈ. ಮಗು ಎರಡು ಬೆರಳು ಬಾಯಿಗಿಟ್ಟುಕೊಂಡು ಅವಳನ್ನೇ ನೋಡಿತು. ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಈಗ ಏನು ಮಾಡ್ತೀಯಾ ನೀನು, ಈ ಎರಡು ನಿಮಿಷ?"

"ಏನಾದ್ರೂ ಹೇಳಬೇಕು ಅಕ್ಕ. ಕಥೆ."

"ನನಗೆ ಯಾವ ಕಥೆಯೂ ಬರಲ್ಲ," ಎಂದಳು ಮಿಲಿಟರಿ. ಆಮೇಲೆ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಹಾಸಿಗೆಯ ಮೇಲಿಟ್ಟಳು. "ಬಾ ಇಲ್ಲಿ. ನೀನು ಕಥೆ ಹೇಳು. ನಾನು ಬೆರಳು ತೊಳೀತೀನಿ."